ಒರೆಸದೆ ಬಿಟ್ಟ ಬೆಲೆ

ಲೆಕ್ಕ ತಪ್ಪಿತೆಂದು ಯಾರೇ ಬರಲಿ, ಒರೆಸಕ್ಕನ ಮೊದಲ ಪ್ರಶ್ನೆ ಒಂದೇ: "ಹಳೇದು ಒರೆಸಿದ್ಯಾ?" ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಗಣಿತದ ಸಾಫ್ಟ್‌ವೇರ್ ಮುಂದೆ ಕೂತು ತಲೆ ಕೆರೆದುಕೊಳ್ಳುವವರಿಗೆ ದಾರಿ ತೋರಿಸುವುದು ಅವಳ ಕೆಲಸ. ಆ ಸಾಫ್ಟ್‌ವೇರ್ ಮಹಾ ಹಟಮಾರಿ. ಒಂದು ಅಕ್ಷರಕ್ಕೆ ಒಮ್ಮೆ ಬೆಲೆ ಕೊಟ್ಟರೆ, ಅಳಿಸು ಎನ್ನುವವರೆಗೂ ಅದನ್ನೇ ಹಿಡಿದುಕೊಂಡಿರುತ್ತದೆ. ಬೆಳಿಗ್ಗೆ ಒಬ್ಬ ಎಕ್ಸ್ ಅಂದರೆ ಐದು ಎಂದು ಬರೆದು ಎದ್ದು ಹೋದರೆ, ಸಂಜೆ ಬಂದವನ ಎಕ್ಸ್ ಕೂಡ ಐದೇ. ತಪ್ಪು ಉತ್ತರವನ್ನೂ ಸರಿ ಉತ್ತರದಷ್ಟೇ ಅಂದವಾಗಿ ತೋರಿಸುವ ಯಂತ್ರ ಅದು. ಹುಡುಗರು ಅವಳಿಗೆ ಈ ಹೆಸರಿಟ್ಟದ್ದು ಅದಕ್ಕೇ. ಗಂಡ ಕರೆಯುತ್ತಿದ್ದ ಹೆಸರುಗಳಿಗಿಂತ ಇದು ಎಷ್ಟೋ ವಾಸಿ ಎಂದು ಅವಳು ನಗುತ್ತಿದ್ದಳು.

ಗಂಡನೆಂಬ ಆ ಮಹಾನುಭಾವ ಒಂದು ದಿನ ಅವಳ ಬಲಗೈಯನ್ನು ಬಾಗಿಲ ಸಂದಿಗೆ ತುರುಕಿ ಬಾಗಿಲನ್ನು ಒದ್ದಿದ್ದ. ಎರಡು ಬೆರಳು ಮುರಿದು ಸೊಟ್ಟಗೇ ಕೂಡಿಕೊಂಡವು. ಆ ಮನೆ ಬಿಟ್ಟು ಬಂದು, ಆ ಸೊಟ್ಟ ಬೆರಳುಗಳಲ್ಲೇ ಟೈಪಿಂಗ್ ಕಲಿತು ಹೊಟ್ಟೆ ಹೊರೆದುಕೊಂಡವಳು ಅವಳು. ಹೆಂಡತಿಗೆ ಹೊಡೆಯುವವನ ಸುದ್ದಿ ಕಿವಿಗೆ ಬಿದ್ದರೆ ಸಾಕು, ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಲ್ಯಾಬಿನ ಕಿಟಕಿಗಳಿಗೆ ಸರಳು ಕೂರಿಸಿದ್ದ ವೆಲ್ಡರ್ ಒಂದು ಮಧ್ಯಾಹ್ನ ಬಂದು ಅವಳೆದುರು ಕುರ್ಚಿಯ ತುದಿಯಲ್ಲಿ ಕೂತ. ಅವನ ತಂಗಿ ಗಂಡನ ಮನೆಯ ತಾರಸಿಯಿಂದ ಬಿದ್ದು ಸತ್ತಿದ್ದಳು. ತಲೆ ಒಡೆದು, ನೆತ್ತರು ಚರಂಡಿಯವರೆಗೂ ಹರಿದಿತ್ತು. ಜಗಳದಲ್ಲಿ ಓಡುವಾಗ ಅಂಚಿನಲ್ಲಿ ಎಡವಿದಳು ಎಂದು ಗಂಡ ಹೇಳುತ್ತಿದ್ದ. ಅವನೇ ತಳ್ಳಿದ ಎಂದು ಅಣ್ಣ. ಅಕ್ಕಪಕ್ಕದವರು ಕೂಗಾಟ ಕೇಳಿದ್ದರೇ ಹೊರತು ಬಿದ್ದದ್ದನ್ನು ಕಂಡವರಿರಲಿಲ್ಲ. ಪೊಲೀಸರು ಆಕಸ್ಮಿಕ ಎಂದು ಬರೆದು ಕೈ ತೊಳೆದುಕೊಂಡಿದ್ದರು. ವೆಲ್ಡರ್ ತಾನೇ ಟೇಪು ಹಿಡಿದು ಅಳೆದು ಬಂದಿದ್ದ. ತಾರಸಿಯ ಎತ್ತರ ಹನ್ನೆರಡು ಮೀಟರ್. ಗೋಡೆಯಿಂದ ರಕ್ತದ ಕಲೆಗೆ ಮೂರು ಮೀಟರ್.

"ಎಡವಿ ಬಿದ್ರೆ ಅಷ್ಟು ದೂರ ಹೋಗ್ತಾರಾ ಅಕ್ಕ? ನಿಮ್ಮ ಕಂಪ್ಯೂಟರ್ ಹೇಳುತ್ತಂತೆ."

ಭಾವ ತಂಗಿಗೆ ಹೊಡೆಯುತ್ತಿದ್ದನೇ ಎಂದು ಒರೆಸಕ್ಕ ಕೇಳಿದಳು. ದಿನಾ, ಎಂದ ಅವನು. ಆಮೇಲೆ ಅವಳು ಏನೂ ಕೇಳಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಉತ್ತರ ಅವಳ ಎದೆಯಲ್ಲಿ ಆಗಲೇ ಬರೆದಾಗಿತ್ತು, ಯಂತ್ರ ರುಜು ಹಾಕುವುದೊಂದೇ ಬಾಕಿ. ಎತ್ತರ ಕೊಟ್ಟಳು. ಚಿಕ್ಕ ತಾರಸಿಯಲ್ಲಿ ಓಡುವ ಹೆಂಗಸಿನ ವೇಗ ಸೆಕೆಂಡಿಗೆ ಎರಡು ಮೀಟರ್ ಇದ್ದೀತು ಎಂದು ಅಂದಾಜಿಸಿದಳು. ಗ್ರಾಫ್ ಎಳೆ ಎಂದಳು. ನೀಲಿ ಗೆರೆಯೊಂದು ತಾರಸಿಯ ಅಂಚಿನಿಂದ ಬಾಗಿ ಇಳಿದು ಎರಡು ಮೀಟರಿನಲ್ಲಿ ನೆಲ ಮುಟ್ಟಿತು.

"ಎಡವಿದ್ರೆ ಇಲ್ಲಿಗೆ ಬೀಳಬೇಕಿತ್ತು. ಮೂರು ಮೀಟರ್ ಹೋಗಿದಾಳೆ ಅಂದ್ರೆ ತಳ್ಳಿದಾನೆ," ಎಂದಳು.

ವೆಲ್ಡರ್ ಪರದೆಯನ್ನೇ ದಿಟ್ಟಿಸಿದ. ವಕೀಲರನ್ನು ಕಾಣು ಎಂದು ಅವಳು ಹೇಳುವಷ್ಟರಲ್ಲಿ ಅವನು ಬಾಗಿಲು ದಾಟಿದ್ದ. ಹೋಗಲಿ ಬಿಡು, ನಾಲ್ಕು ಏಟು ಬಿದ್ದರೆ ಬೀಳಲಿ ಎಂದು ಅವಳಿಗೆ ಅನ್ನಿಸಿತು. ಒಳಗೊಳಗೇ ಹಿತವೂ ಆಯಿತು.

ಅದೇ ಹೊತ್ತಿಗೆ ಪಕ್ಕದ ಮೇಜಿನ ಹುಡುಗಿ ಲೆಕ್ಕ ಬರುತ್ತಿಲ್ಲ ಎಂದು ಗೊಣಗಿದಳು. "ಹಳೇದು ಒರೆಸಿದ್ಯಾ?" ಎಂದು ಅಭ್ಯಾಸಬಲದಿಂದ ಕೇಳಿದ ಒರೆಸಕ್ಕ ತಟ್ಟನೆ ತನ್ನ ಪರದೆಯತ್ತ ತಿರುಗಿದಳು. ತಾನು ಒರೆಸಿರಲಿಲ್ಲ. ಗುರುತ್ವದ ಅಕ್ಷರ ಜಿ. ಅದರ ಬೆಲೆ ತೋರಿಸು ಎಂದು ಒತ್ತಿದಳು. ಭೂಮಿಯಲ್ಲಿ ಒಂಬತ್ತು ಚಿಲ್ಲರೆ ಇರಬೇಕಾದದ್ದು ಇಪ್ಪತ್ತನಾಲ್ಕು ದಾಟಿತ್ತು. ಬೆಳಿಗ್ಗೆ ಯಾರೋ ಗುರುಗ್ರಹದ ಲೆಕ್ಕ ಮಾಡಿ ಹಾಗೇ ಎದ್ದು ಹೋಗಿದ್ದರು. ಆ ಗ್ರಹದಲ್ಲಿ ಬಿದ್ದದ್ದು ಬೇಗ ನೆಲ ಸೇರುತ್ತದೆ, ದೂರ ಹೋಗುವುದಿಲ್ಲ. ಒರೆಸಿ, ಸರಿಯಾದ ಬೆಲೆ ಕೊಟ್ಟು ಮತ್ತೆ ಎಳೆದಳು. ಗೆರೆ ಮೂರು ಮೀಟರನ್ನು ಕೂದಲೆಳೆಯಷ್ಟು ದಾಟಿ ನೆಲ ಮುಟ್ಟಿತು. ಎಡವಿದ್ದರೂ ಅವಳು ಅಲ್ಲೇ ಬೀಳುತ್ತಿದ್ದಳು.

ವೆಲ್ಡರ್ ಫೋನ್ ಎತ್ತಲಿಲ್ಲ. ಭಾವನ ಸೈಕಲ್ ರಿಪೇರಿ ಅಂಗಡಿ ಎರಡು ಬೀದಿ ಆಚೆ. ಒರೆಸಕ್ಕ ಚಪ್ಪಲಿ ಬಿಟ್ಟು ಓಡಿದಳು. ಅಂಗಡಿಯ ಮುಂದೆ ಜನ ಗುಂಪುಗಟ್ಟಿ ನೋಡುತ್ತಿದ್ದರು. ಕೈ ಕಟ್ಟಿಕೊಂಡು ನೋಡುವುದಕ್ಕೆ ಯಾವಾಗಲೂ ಜನರಿಗೆ ಬರವಿಲ್ಲ. ಒಳಗೆ ಟೈರುಗಳ ನಡುವೆ ಭಾವ ಬಿದ್ದಿದ್ದ. ಮೂಗು ಜಜ್ಜಿ ಚಪ್ಪಟೆಯಾಗಿತ್ತು, ಒಂದು ಮೊಣಕಾಲು ಹಿಂದುಮುಂದಾಗಿತ್ತು, ಉದುರಿದ ಹಲ್ಲು ಗ್ರೀಸಿಗೆ ಅಂಟಿಕೊಂಡಿತ್ತು. ವೆಲ್ಡರ್ ಕಬ್ಬಿಣದ ಸರಳನ್ನು ಮತ್ತೆ ಎತ್ತಿದ್ದ. ಅವಳು ನಡುವೆ ನುಗ್ಗಿದಳು. ಇಳಿದ ಏಟು ಅವಳ ಹೆಗಲಿಗೆ ಬಿದ್ದು, ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು.

"ಲೆಕ್ಕ ತಪ್ಪಾಗಿದೆ," ಎಂದಳು. "ನಂದೇ ತಪ್ಪು. ನಿಲ್ಸಪ್ಪ."

ವೆಲ್ಡರ್ ಏದುಸಿರು ಬಿಡುತ್ತ ಅವಳನ್ನು ನೋಡಿದ. ಅವನ ಮುಖದಲ್ಲಿ ಅಳುವೂ ಗೆಲುವೂ ಕಲಸಿಹೋಗಿದ್ದವು.

"ಎಲ್ಲಿ ತಪ್ಪು ಅಕ್ಕ? ಒಪ್ಕೊಂಡಿದಾನೆ. ಅವನ ಬಾಯಿಂದಾನೇ ಬಂತು."

ಒರೆಸಕ್ಕನಿಗೆ ತಾನೂ ಹಾಗೆ ಒಪ್ಪಿಕೊಂಡದ್ದು ನೆನಪಾಯಿತು. ಗಂಡ ಬೆಲ್ಟು ಬೀಸುತ್ತ ಅವನ್ಯಾರು ಹೇಳು ಎಂದು ಕೇಳಿದಾಗ, ಹುಟ್ಟೇ ಇಲ್ಲದ ಒಬ್ಬ ಗಂಡಸಿನ ಹೆಸರನ್ನು ಅವಳು ಹೇಳಿದ್ದಳು. ಅವನ ಊರು, ಕೆಲಸ, ಬಟ್ಟೆಯ ಬಣ್ಣ ಎಲ್ಲವನ್ನೂ ಹೇಳಿದ್ದಳು. ಹೌದು ಎನ್ನುವಷ್ಟು ಹೊತ್ತು ಬೆಲ್ಟು ಕೆಳಗಿರುತ್ತದೆ. ಇದನ್ನು ವೆಲ್ಡರ್‌ಗೆ ಹೇಗೆ ತಿಳಿಸುವುದು? "ಎಡವಿದ್ರೂ ಅವಳು ಅಲ್ಲೇ ಬೀಳ್ತಿದ್ಲು," ಎಂದಷ್ಟೇ ಹೇಳಿದಳು.

"ಹಾಗಾದ್ರೆ ತಳ್ಳಲಿಲ್ವಾ?" ವೆಲ್ಡರ್ ಕೇಳಿದ.

"ತಳ್ಳಿರಬಹುದು, ಎಡವಿರಬಹುದು. ನಂಗೊತ್ತಿಲ್ಲ," ಎಂದಳು. "ಇನ್ನು ಯಾರಿಗೂ ಗೊತ್ತಾಗಲ್ಲ."

ಸರಳು ಅವನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಒರೆಸಕ್ಕ ಮುರಿದ ಹೆಗಲನ್ನು ಅದುಮಿ ಹಿಡಿದು, ಉಸಿರಾಡುತ್ತಿದ್ದಾನೋ ಇಲ್ಲವೋ ನೋಡೋಣವೆಂದು ಭಾವನ ಕಡೆ ಬಾಗಿದಳು. ದಿನಾ ಹೆಂಡತಿಗೆ ಹೊಡೆದ ಆ ಗಂಡಸು ತನ್ನ ಮೇಲೆ ಬಿದ್ದ ನೆರಳನ್ನು ಕಂಡು ಮೊಣಕೈಯಿಂದ ಮುಖ ಮುಚ್ಚಿಕೊಂಡ.

"ನಾನೇ ತಳ್ಳಿದ್ದು ಅಕ್ಕ," ಎಂದ. "ನೀವು ಹೇಗೆ ಹೇಳ್ತೀರೋ ಹಾಗೆ."