ಮೊದಲ ಸಾಲಿನ ಶ್ರೀ

ಯಾವ ಕಾಗದವೇ ಇರಲಿ, ಮೇಲೆ ‘ಶ್ರೀ’ ಬರೆಯದೆ ಶುರು ಮಾಡುವ ರೂಢಿ ನಮ್ಮ ಮನೆಯಲ್ಲಿಲ್ಲ. ಕಲಬುರಗಿಯ ಒಂದು ವಿದ್ಯಾರ್ಥಿನಿಲಯದ ಜಾಲತಾಣ ನೋಡಿಕೊಳ್ಳುವವನು ನಾನು. ಅರ್ಜಿಯ ಕೊನೆಯ ದಿನ ಬೆಳಿಗ್ಗೆ ಸಲ್ಲಿಕೆಯ ಪುಟವನ್ನು ಹೊಸದಾಗಿ ಬರೆದಾಗಲೂ ಮೊದಲ ಸಾಲಿನಲ್ಲಿ ಶ್ರೀ ಬರೆದೆ.

ಮಧ್ಯಾಹ್ನ ಕಮಲಾಪುರದ ಕಂಪ್ಯೂಟರ್ ಸೆಂಟರಿನಿಂದ ಒಬ್ಬ ತಾಯಿಯ ಫೋನು ಬಂತು.

“ಸಾಹೇಬ್ರ, ಮಗಳ ಅರ್ಜಿ ಮುಂದ ಹೋಗವಲ್ದು. ಮ್ಯಾಲೆ ಶ್ರೀ ಅದ, ಕೆಳಗ ಬರೇ ಇಂಗ್ಲಿಷ್. ಐದಕ್ಕ ಬಂದ್ ಅಂತ. ಸೀಟ್ ಹೋದ್ರ ಯಾರ್ರೀ ಜಿಮ್ಮೇದಾರ್?”

ಆ ಪುಟದ ಕಡತ ತೆರೆದೆ. ಅವರು ಹೇಳಿದ ಆ ಇಂಗ್ಲಿಷ್ ಸಂದೇಶದಲ್ಲಿ, ತಪ್ಪಿರುವುದು ಮೊದಲ ಸಾಲಿನಲ್ಲಿ ಎಂದಿತ್ತು. ಅಲ್ಲಿ ಶ್ರೀ ಬಿಟ್ಟು ಬೇರೇನೂ ಇರಲಿಲ್ಲ. ಇಂಥ ಕಡತದಲ್ಲಿ ಪುಟದ ಬರಹವೂ ಸರ್ವರ್ ಯಂತ್ರಕ್ಕೆ ಕೊಡುವ ಆಜ್ಞೆಗಳೂ ಒಟ್ಟಿಗೇ ಇರುತ್ತವೆ. ಆಜ್ಞೆ ಇಲ್ಲಿಂದ ಶುರು ಎಂದು ತೋರಿಸುವ ಗುರುತಿನ ಹೊರಗೆ ಬರೆದ ಅಕ್ಷರ ನೇರ ಪರದೆಗೆ ಹೊರಟುಬಿಡುತ್ತದೆ. ಒಂದಕ್ಷರ ಹೊರಟರೂ ‘ಇವರನ್ನು ಮುಂದಿನ ಪುಟಕ್ಕೆ ಕಳಿಸು’ ಎಂಬ ಆಜ್ಞೆ ಆಮೇಲೆ ನಡೆಯುವುದಿಲ್ಲ. ಇದೆಲ್ಲ ಗೊತ್ತಿದ್ದೂ, ಶ್ರೀಯೇ ಅಡ್ಡ ಬಂದೀತೆಂದು ಕನಸಿನಲ್ಲೂ ಹೊಳೆದಿರಲಿಲ್ಲ.

“ತಾಯಿ, ಮ್ಯಾಲಿನ ಶ್ರೀ ತೆಗೀತೀನ್ರಿ, ಸರಿ ಆಗ್ತದ.”

“ಅದನ್ಯಾಕ ತೆಗೀತೀರಿ? ಇಡೀ ಪೇಜಿನ್ಯಾಗ ಅದೊಂದೇ ನೆಟ್ಟಗ ಬಂದದ.”

ಕಣ್ಣು ಮುಚ್ಚಿ ದೇವರಲ್ಲಿ ಕ್ಷಮೆ ಕೇಳಿ, ಶ್ರೀಯನ್ನು ಆಜ್ಞೆಯ ಗುರುತಿನೊಳಗೆ, ಯಾರಿಗೂ ಕಾಣದ ಟಿಪ್ಪಣಿಯಾಗಿ ಸರಿಸಿದೆ. ಅರ್ಜಿ ಹೋಯಿತು. ಅವರ ಪರದೆಗೆ ರಸೀದಿಯೂ ಬಂತು.

“ಬಂತ್ರೀ,” ಎಂದವರು ಸ್ವಲ್ಪ ತಡೆದು ಕೇಳಿದರು, “ಆದ್ರ ಇದರ ಮ್ಯಾಲೆ ಶ್ರೀ ಇಲ್ಲಲ್ರೀ, ನಡೀತದೇನು?”

“ನಡೀತದ್ರಿ,” ಎಂದೆ. ಇಂಥ ಮಾತು ನನ್ನ ಬಾಯಿಂದ ಹೊರಟಿತೆಂದು ಮನೆಯಲ್ಲಿ ಇನ್ನೂ ಹೇಳಿಲ್ಲ.