ಹಿಂದಿನ ಓಣಿಯ ಗೂಡು

ಬಸವನಗುಡಿಯಲ್ಲಿ ಬಾಡಿಗೆಗೆ ಹಿಡಿದ ಮನೆಯ ಹಿಂಬಾಗಿಲು ತೆರೆದ ಮೊದಲ ಬೆಳಿಗ್ಗೆ, ಓಣಿಯಲ್ಲಿ ಹೆಂಗಸೊಬ್ಬರು ಗೋಡೆಗೆ ಮುಖ ಮಾಡಿ ಸೀರೆ ಬದಲಿಸುತ್ತಿದ್ದರು. ನಾನು ಬೆಚ್ಚಿದೆ, ಅವರು ಬೆಚ್ಚಲಿಲ್ಲ. "ಒಂದ್ನಿಮಿಷ ಮೇಡಂ, ಆಯ್ತು" ಎಂದರು.

ಅವರು ಪೌರಕಾರ್ಮಿಕರಾದ ಮುನಿಯಮ್ಮ. ಬಟ್ಟೆ ಬದಲಿಸಲು, ಕೂತು ಉಣ್ಣಲು ಅವರಿಗಿದ್ದದ್ದು ಆ ಓಣಿಯೊಂದೇ. ಇಲ್ಲಿಯವರು ಅದನ್ನು 'ಕನ್ಸರ್ವೆನ್ಸಿ' ಎನ್ನುತ್ತಾರೆ: ಮಲ ಹೊರುವವರು ಮುಂಬಾಗಿಲಿಗೆ ಬರದಂತೆ, ಬಡಾವಣೆ ಕಟ್ಟುವಾಗಲೇ ಮನೆಗಳ ಬೆನ್ನಿಗೆ ಬಿಟ್ಟ ದಾರಿ. ಅಪ್ಪಾ, ನಮ್ಮ ಕಲಬುರಗಿಯಲ್ಲಿ ಅಸ್ಪೃಶ್ಯತೆ ಇಲ್ಲವೆಂದು ಹೇಳಲಾರೆ. ಅಲ್ಲಿ ನಾವು ಕೇರಿಯನ್ನೇ ಊರಾಚೆ ಇಟ್ಟಿದ್ದೇವೆ. ಇಲ್ಲಿ ಅದೇ ಅನ್ಯಾಯವನ್ನು ಅಳತೆ ಹಿಡಿದು, ನಕ್ಷೆ ಬರೆದು ಮಾಡಿದ್ದಾರೆ. ನಕ್ಷೆ ಬರೆಯುವುದೇ ನನ್ನ ವೃತ್ತಿ.

ನನ್ನ "ಹೌದ್ರೀ" ಕೇಳಿ ಅಂಗಡಿಯವರೆಲ್ಲ ನಗುತ್ತಿದ್ದ ಆ ತಿಂಗಳುಗಳಲ್ಲಿ ಮಾತಿಗೆ ಸಿಕ್ಕವರು ಮುನಿಯಮ್ಮ ಒಬ್ಬರೇ. ಓಣಿಯಲ್ಲಿ ಅವರಿಗೊಂದು ಕೋಣೆ, ಒಂದು ನಲ್ಲಿ ಆಗಲೇಬೇಕೆಂದು ನಿವಾಸಿಗಳ ಸಂಘಕ್ಕೆ ನಕ್ಷೆ ಒಯ್ದೆ. ಕಾರ್ಯದರ್ಶಿಗಳು ಷರತ್ತು ಹಾಕಿದರು: "ಅಲ್ಲಿ ಗಂಡಸ್ರು ಗೋಡೆ ಗಲೀಜು ಮಾಡ್ತಾರೆ ಮೇಡಂ. ಒಂದು ದೇವರ ಟೈಲ್ಸ್ ಹಾಕಿಸ್ಬಿಡಿ, ಯಾರೂ ಹತ್ರ ಬರಲ್ಲ. ಆಮೇಲೆ ನಿಮ್ಮ ರೂಮು ಕಟ್ಕೊಳ್ಳಿ."

ದೇವರನ್ನು ಕಾವಲಿಗೆ ನಿಲ್ಲಿಸುವ ಈ ಪದ್ಧತಿ ನನಗೆ ಹಿಡಿಸಲಿಲ್ಲ. ಆದರೂ ಒಪ್ಪಿದೆ. ನಕ್ಷೆಯಲ್ಲಿ ಕೋಣೆಯ ಹೊರಗೋಡೆಗೆ, ಆ ಟೈಲ್ಸಿಗೆಂದು, ಗೇಣಗಲದ ಗೂಡು ಬರೆದೆ. ಒಂದೇ ಗೋಡೆ ದೇವರಿಗೂ ದುಡಿಯುವವರಿಗೂ ಸಾಲುತ್ತದೆ ಎಂದು ನಂಬಿದ್ದೆ.

ಕೋಣೆ ಎದ್ದಿತು. ಗೂಡಿಗೆ ದೀಪ ಬಂತು, ಗಂಟೆ ಬಂತು, ಶನಿವಾರದ ಪೂಜೆ ಬಂತು. ಎಣ್ಣೆ ಡಬ್ಬಗಳು ಕೋಣೆ ಸೇರಿದವು. "ದೇವರ ಬೆನ್ನಿಗೇ ಬಟ್ಟೆ ಬಿಚ್ಚೋದಾ? ಸರಿಹೋಗಲ್ಲ" ಎಂದು ಸಂಘದವರ ಬೀಗವೂ ಬಿತ್ತು. ಅದು ಸಾರ್ವಜನಿಕ ಜಾಗ, ಕಾರ್ಮಿಕರ ಹಕ್ಕು ಎಂದು ವಾದಿಸಿದೆ, ಪಾಲಿಕೆಗೆ ದೂರು ಬರೆದೆ. ಬೀಗ ಹಾಗೇ ಉಳಿಯಿತು.

ಮುನಿಯಮ್ಮ ಜಗಳವಾಡಲಿಲ್ಲ. "ಬೇಜಾರ್ ಮಾಡ್ಕೋಬೇಡಿ ಮೇಡಂ, ಗೂಡು ಬರೆದಿದ್ದು ನೀವೇ ತಾನೆ? ಮುಂಚೆ ಬರೀ ಗೋಡೆ ಇತ್ತು. ಅದು ನಮ್ಮನ್ನ ಓಡಿಸ್ತಿರ್ಲಿಲ್ಲ."

ಈಗ ಅವರು ಕಸದ ಆಟೋದ ಮರೆಯಲ್ಲಿ ಸೀರೆ ಬದಲಿಸುತ್ತಾರೆ. ಜೊತೆಯವರಿಬ್ಬರು ದುಪ್ಪಟಿ ಹಿಡಿದು ನಿಲ್ಲುತ್ತಾರೆ. ಗೂಡಿನ ಕೆಳಗಿನ ಕಲ್ಲಿನಲ್ಲಿ ಸಂಘದವರು ನನ್ನ ಹೆಸರು ಕೆತ್ತಿಸಿದ್ದಾರೆ. ಅಳಿಸಿ ಎಂದರೆ, ದೇವರ ಕೆಲಸ, ಅಳಿಸಬಾರದು ಎನ್ನುತ್ತಾರೆ. ಹುಟ್ಟಿದ ಊರಿನ ಯಾವ ಗೋಡೆಯ ಮೇಲೂ ನನ್ನ ಹೆಸರಿಲ್ಲ. ಇಲ್ಲಿ ಎದುರಾದವರೆಲ್ಲ ಈಗ "ನಮ್ಮ ಮೇಡಂ" ಎನ್ನುತ್ತಾರೆ. ವಾಪಸ್ ಬಂದುಬಿಡು ಎಂದು ಊರಿನಿಂದ ನೀವು ಪತ್ರ ಬರೆಯುತ್ತೀರಿ, ಅಪ್ಪಾ. ಆ ಬೀಗ ತೆಗೆಸದೆ ಹೊರಡಲಾರೆ. ಇಲ್ಲಿಯವರು "ನಮ್ಮ ಮೇಡಂ" ಎಂದು ಕರೆದಾಗ ತಿರುಗಿ ನೋಡಲೂ ನನ್ನಿಂದಾಗುತ್ತಿಲ್ಲ.