ಜ್ವರ ಬಿಟ್ಟ ದಿನದ ರಕ್ತ

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಪುಣೆಯ ಒಂದು ಪ್ರಯೋಗಾಲಯದಲ್ಲಿ ಕುದುರೆಗಳ ರಕ್ತ ಪರೀಕ್ಷೆ ಮಾಡುತ್ತಿದ್ದೆ. ಬೆಳಗ್ಗೆ ಹತ್ತಕ್ಕೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟರೆ ಸಂಜೆಗೆ ಕತ್ತು ಮರಗಟ್ಟಿರುತ್ತಿತ್ತು. ಮನೆಗೆ ಹೋಗಿ ಊಟಕ್ಕೆ ಕೂತರೆ ಅನ್ನದ ಮೇಲೂ ನೇರಳೆ ಚುಕ್ಕಿಗಳೇ ಕಾಣುತ್ತಿದ್ದವು. ಸಾಕಾಗಿ ಹೋಗಿತ್ತು.

ರೇಸಿನ ಕುದುರೆಗಳು ನಮ್ಮಲ್ಲಿಗೆ ಬರುತ್ತಿರಲಿಲ್ಲ. ಅವುಗಳ ರಕ್ತ ಮಾತ್ರ ಮಂಜುಗಡ್ಡೆ ತುಂಬಿದ ಥರ್ಮಾಸಿನಲ್ಲಿ ಕೂತು ಜೀಪಿನಲ್ಲಿ ಬರುತ್ತಿತ್ತು. ಟಾಂಗಾದ ಕುದುರೆಗಳು ಖುದ್ದಾಗಿ ಹಾಜರಾಗಬೇಕು. ಹಾಗೆಂದು ಎಲ್ಲೂ ಬರೆದಿರಲಿಲ್ಲ. ಅವು ಇದ್ದಲ್ಲಿಗೆ ಹೋಗುವವರು ಯಾರೂ ಇರಲಿಲ್ಲ, ಅಷ್ಟೇ.

ಒಂದು ಮಳೆಗಾಲ, ಪುಣೆಯ ಅಂಚಿನ ಹಡಪ್ಸರದಾಚೆಯಿಂದ ಒಬ್ಬ ಟಾಂಗಾದವನು ತನ್ನ ಹೆಣ್ಣು ಕುದುರೆಯನ್ನು ನಡೆಸಿಕೊಂಡು ಬಂದ. ವಿಜಾಪುರದ ಕಡೆಯ ಮುದುಕ. ಗುಮಾಸ್ತನ ಎದುರು ಮರಾಠಿಯಲ್ಲಿ ತಡವರಿಸುತ್ತಿದ್ದವನು ನನ್ನ ಬಾಯಲ್ಲಿ ಕನ್ನಡ ಕೇಳಿದ್ದೇ ತಡ, ಕುದುರೆಯ ಪುರಾಣ ಬಿಚ್ಚಿದ.

"ನಾಕು ದಿನ ಜ್ವರ ಬರ್ತಾವ್ರಿ ಸಾಹೇಬ್ರ, ಮತ್ತ ಬಿಡ್ತಾವ. ಹೊಟ್ಟಿ ಕೆಳಗ ಬಾವು ಅದ. ಮೇವು ತಿಂತದ, ಆದ್ರ ಮೈ ಕರಗಾಕತ್ತದ. ಇದೊಂದ ಅದರೀ ನಮಗ."

ಕೇಳಿದ ಕೂಡಲೇ ಸರ್ರಾ ಇರಬೇಕು ಅನ್ನಿಸಿತು. ಕಚ್ಚುವ ನೊಣಗಳಿಂದ ಹರಡುವ ರೋಗ ಅದು. ರಕ್ತದೊಳಗೆ ಕಣ್ಣಿಗೆ ಕಾಣದ ಹುಳುಗಳು ಸೇರಿಕೊಳ್ಳುತ್ತವೆ. ಅದಕ್ಕೆ ಇಂಜೆಕ್ಷನ್ ಇತ್ತು. ಆದರೆ ಹುಳು ಇದೆ ಎಂದು ನಾನು ಚೀಟಿ ಬರೆದುಕೊಡದೆ ದನದ ಆಸ್ಪತ್ರೆಯವರು ಅದನ್ನು ಚುಚ್ಚುತ್ತಿರಲಿಲ್ಲ.

ಕಿವಿಯ ಅಂಚಿನಿಂದ ಒಂದು ಹನಿ ತೆಗೆದು, ಗಾಜಿನ ಮೇಲೆ ಎಳೆದು, ಬಣ್ಣ ಹಾಕಿ ನೋಡಿದೆ. ಏನೂ ಇಲ್ಲ. ಹತ್ತು ದಿನ ಬಿಟ್ಟು ಮತ್ತೆ ಬಂದ. ಆಗಲೂ ಇಲ್ಲ. ಮೂರನೆಯ ಸಲ ಬಂದಾಗ ಕುದುರೆಯ ಪಕ್ಕೆಲುಬುಗಳನ್ನು ಕಿಟಕಿಯಿಂದಲೇ ಎಣಿಸಬಹುದಿತ್ತು, ಗಾಜಿನ ಮೇಲೆ ಮಾತ್ರ ಏನೂ ಇಲ್ಲ. ಮೊದಲ ದಿನವೇ ಕೇಳಬೇಕಾಗಿದ್ದನ್ನು ಆಗ ಕೇಳಿದೆ.

"ಕಾಕಾ, ಇವತ್ತ ಜ್ವರ ಅದಾವೇನ್ರಿ?"

"ಇಲ್ರಿ. ಜ್ವರ ಇದ್ದಾಗ ಹ್ಯಾಂಗ ನಡದೀತು ಅದು? ಬಿಟ್ಟ ದಿನ ನೋಡಿ, ಮೈ ತೊಳದು ಕರ್ಕೊಂಡ ಬರ್ತೀನಿ. ಸರಕಾರಿ ಕಚೇರಿ ನೋಡ್ರಿ."

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಹುಳು ರಕ್ತದಲ್ಲಿ ಕಾಣುವುದೇ ಜ್ವರ ಏರಿದಾಗ. ಇಷ್ಟು ದಿನ ಕಣ್ಣು ಕಿತ್ತುಹೋಗುವ ಹಾಗೆ ನೋಡಿದ್ದೆಲ್ಲ ವ್ಯರ್ಥ. ನಾನು ರೇಗಿದೆ.

"ಜ್ವರ ಇದ್ದ ದಿನಾನ ತರ್ರಿ. ಇಲ್ಲಾಂದ್ರ ಬರಬ್ಯಾಡ್ರಿ."

ಅವನು ತಲೆಯಾಡಿಸಿ ಹೋದ. ಗಾಜಿನ ಪಟ್ಟಿಗಳು ಅಂಗಿಯ ಜೇಬಿನಲ್ಲಿ ಹಿಡಿಯುತ್ತವೆ, ನನ್ನ ಹತ್ತಿರ ಸೈಕಲ್ಲೂ ಇತ್ತು. ನಾನೇ ಅವನಿದ್ದಲ್ಲಿಗೆ ಹೋಗಬಹುದಿತ್ತು. ದಣಿದಿದ್ದೆ, ಹೊಳೆಯಲಿಲ್ಲ ಎಂದು ಎಷ್ಟೋ ವರ್ಷ ಹೇಳಿಕೊಂಡೆ. ಸುಳ್ಳು. ಹೊಳೆದಿತ್ತು. ಈ ಮಳೆಯಲ್ಲಿ ಅಷ್ಟು ದೂರ ಹೋಗಿ ಯಾರು ಸಾಯುತ್ತಾರೆ ಅಂದುಕೊಂಡಿದ್ದೆ.

ಮುಂದಿನ ವಾರ ತಂದೇಬಿಟ್ಟ. ಬೆಳಕು ಹರಿಯುವಾಗ ಹೊರಟವನು ನಮ್ಮ ಗೇಟು ಮುಟ್ಟಿದ್ದು ಮಧ್ಯಾಹ್ನಕ್ಕೆ. ಹತ್ತು ಹೆಜ್ಜೆಗೊಮ್ಮೆ ನಿಲ್ಲಿಸಿ, ನೀರು ಕುಡಿಸಿ, ಹಿಂದಿನಿಂದ ನೂಕಿ ತಂದಿದ್ದನಂತೆ. ಕುದುರೆ ಒಳಗೆ ಬಂದು ಬೇವಿನ ಮರದ ಕೆಳಗೆ ಕುಸಿಯಿತು. ಮೈ ಕಾದ ಹಂಚಿನಂತಿತ್ತು. ರಕ್ತ ತೆಗೆದುಕೊಂಡು ಒಳಗೆ ಓಡಿದೆ. ಬಣ್ಣ ಹಾಕುವ ಅಗತ್ಯವೇ ಬೀಳಲಿಲ್ಲ. ಹಸಿ ಹನಿಯಲ್ಲೇ ಹುಳುಗಳು ಗಿಜಿಗುಡುತ್ತಿದ್ದವು. ಚೀಟಿ ಬರೆದು ಹೊರಗೆ ಬರುವಷ್ಟರಲ್ಲಿ ಕುದುರೆಯ ಉಸಿರು ನಿಂತಿತ್ತು.

ಮುದುಕ ಅದರ ತಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದ. ನನ್ನ ಕೈಯಲ್ಲಿದ್ದ ಚೀಟಿಯನ್ನು ನೋಡಿದ.

"ಸಿಕ್ತೇನ್ರಿ?"

"ಸಿಕ್ತು, ಕಾಕಾ."

"ನೀವು ಹೇಳಿದ್ದು ಖರೇ ಇತ್ತ್ ನೋಡ್ರಿ. ನಾನ ಮೊದಲ ತರಬೇಕಿತ್ತು," ಎಂದು ನನಗೇ ಕೈ ಮುಗಿದ.